ಕಾಫಿ, ಈರುಳ್ಳಿ ಒಗ್ಗರಣೆ ಎಲ್ಲವೂ ದುರ್ವಾಸನೆಯಾಗಿ ತೋರುತ್ತಿವೆ: ಘ್ರಾಣಶಕ್ತಿ ಹೀಗೆ ಬದಲಾಗಲು ಏನೇನು ಕಾರಣಗಳಿರಬಹುದು?

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ನನಗೆ ಜ್ವರ, ಮೈಕೈ ನೋವು ಬಂದು, ಅದರ ಜೊತೆಗೇ ವಾಸನೆ ಪೂರ್ತಿಯಾಗಿ ಹೋಗಿತ್ತು. ಜ್ವರ ಇಳಿದ ಮೇಲೆ ವಾಸನೆ ಸ್ವಲ್ಪ ಸ್ವಲ್ಪವಾಗಿ ಮರಳಿತೆಂದು ಸಮಾಧಾನಪಟ್ಟುಕೊಂಡಿದ್ದೆ. ಆದರೆ ಎರಡು ಮೂರು ತಿಂಗಳು ಕಳೆದ ಮೇಲೆ ವಿಚಿತ್ರವಾದ ತೊಂದರೆ ಶುರುವಾಯಿತು. ಫಿಲ್ಟರಿಗೆ ಬಿಸಿನೀರು ಹಾಕಿದ ಕೂಡಲೇ ಡಿಕಾಕ್ಷನ್ನಿನ ಘಮದ ಬದಲು ಸುಟ್ಟ ರಬ್ಬರಿಗೆ ಕೊಳೆತ ತರಕಾರಿ ಬೆರೆತಂತಹ ನಾತ ಬರುತ್ತದೆ. ಎಣ್ಣೆಯಲ್ಲಿ ಈರುಳ್ಳಿ ಬಾಡುವಾಗ, ಬೆಳ್ಳುಳ್ಳಿ ಜಜ್ಜುವಾಗ, ಮೊಟ್ಟೆ ಬೇಯಿಸುವಾಗ, ಹಲ್ಲುಜ್ಜುವ ಪೇಸ್ಟಿನಲ್ಲಿ ಕೂಡ ಅದೇ ನಾತ. ಮನೆಯವರಿಗೆ ಎಲ್ಲವೂ ಮಾಮೂಲಾಗಿಯೇ ಇದೆ. ಕಾಫಿ ತೋಟದ ಮಧ್ಯೆ ಮನೆಯಿರುವ ನನಗೆ, ಬೀಜ ಹುರಿಯುವ ದಿನ ಹಿತ್ತಿಲಿಗೆ ಹೋಗಿ ನಿಲ್ಲಬೇಕಾದ ಪರಿಸ್ಥಿತಿ ಬಂದಿದೆ.

ಇಲ್ಲಿನ ವೈದ್ಯರೊಬ್ಬರು ಅಲರ್ಜಿ ಮಾತ್ರೆ ಕೊಟ್ಟು, ತಾನಾಗಿ ಹೋಗುತ್ತದೆ ಎಂದರು. ಇದು ಮೂಗಿನ ತೊಂದರೆಯೋ, ನರದ್ದೋ, ಮಿದುಳಿನದ್ದೋ ಎಂಬುದು ನನಗೆ ತಿಳಿಯುತ್ತಿಲ್ಲ. ವಾಸನೆ ಹೋಗುವುದಕ್ಕೂ ವಾಸನೆ ಹೀಗೆ ಕೆಡುವುದಕ್ಕೂ ಕಾರಣ ಒಂದೇ ಇರುತ್ತದೆಯೇ? ಯಾವ ವೈದ್ಯರನ್ನು ನೋಡಬೇಕು? ತಿಳಿದವರು, ಅನುಭವಿಸಿದವರು ದಯವಿಟ್ಟು ಬರೆಯಿರಿ.

ಕಿವಿ-ಮೂಗು-ಗಂಟಲು ವೈದ್ಯ, ದಾವಣಗೆರೆ

ತಾಯಿ, ನೀವು ಬರೆದಿರುವ ಕ್ರಮವೇ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಕೊಡುತ್ತದೆ. ಮೊದಲು ಸೋಂಕು, ಆಮೇಲೆ ವಾಸನೆ ಹೋಗಿದ್ದು, ನಡುವೆ ಸ್ವಲ್ಪ ಚೇತರಿಕೆ, ಕೆಲವು ತಿಂಗಳ ನಂತರ ಪರಿಚಿತ ವಾಸನೆಗಳು ಅಸಹ್ಯವಾಗಿ ತಿರುಗಿದ್ದು: ಇದು ವೈರಸ್ ಸೋಂಕಿನ ನಂತರ ಕಾಣುವ ಪರೋಸ್ಮಿಯಾದ ಸಾಮಾನ್ಯ ನಡೆ. ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ, ಆದರೂ ಬೇರೆ ಕಾರಣಗಳಿಗಿಂತ ಇದರ ಸಾಧ್ಯತೆಯೇ ಹೆಚ್ಚು.

ವಾಸನೆಯ ತೊಂದರೆ ಎಂದು ನಮ್ಮ ಬಳಿ ಬರುವವರ ಮಾತನ್ನು ಬಿಡಿಸಿ ಕೇಳಿದಾಗ ಅದು ಮೂರು ಬಗೆಯಾಗಿ ಒಡೆಯುತ್ತದೆ. ವಾಸನೆ ಕಡಿಮೆಯಾಗುವುದು ಅಥವಾ ಪೂರ್ತಿ ಹೋಗುವುದು ಒಂದು. ಎದುರಿಗೆ ನಿಜವಾದ ವಸ್ತುವಿದ್ದು ಅದರ ವಾಸನೆ ಬೇರೆಯಾಗಿ ತೋರುವುದು ಇನ್ನೊಂದು, ಇದು ಪರೋಸ್ಮಿಯಾ. ಸುತ್ತಮುತ್ತ ಏನೂ ಇಲ್ಲದೆಯೇ ವಾಸನೆ ಬರುವುದು ಮೂರನೆಯದು. ಅದನ್ನು ಫ್ಯಾಂಟೋಸ್ಮಿಯಾ ಎನ್ನುತ್ತಾರೆ. ಈ ಮೂರಕ್ಕೂ ಕಾರಣಗಳ ಪಟ್ಟಿ ಬೇರೆ ಬೇರೆ, ಅಲ್ಲಲ್ಲಿ ಮಾತ್ರ ಒಂದರ ಮೇಲೊಂದು ಬೀಳುತ್ತದೆ. ಆದ್ದರಿಂದ ವೈದ್ಯರ ಬಳಿ ಹೋದಾಗ "ವಾಸನೆ ಸರಿಯಿಲ್ಲ" ಎಂದಷ್ಟೇ ಹೇಳದೆ, ನೀವು ಇಲ್ಲಿ ಬರೆದಂತೆ ಬಿಡಿಸಿ ಹೇಳುವುದು ಬಹಳ ಮುಖ್ಯ.

ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಮೂಗಿನ ಒಳಭಾಗದ ತುತ್ತತುದಿಯಲ್ಲಿ, ಕಣ್ಣುಗಳ ನಡುವಿನ ಮಟ್ಟದಲ್ಲಿ, ಕೆಲವೇ ಚದರ ಸೆಂಟಿಮೀಟರ್ ಅಗಲದ ತೆಳುವಾದ ಪದರವಿದೆ. ವಾಸನೆಯನ್ನು ಹಿಡಿಯುವ ನರಕೋಶಗಳು ಅದರಲ್ಲಿವೆ. ಆ ಕೋಶಗಳ ಎಳೆಗಳು ಜರಡಿಯಂತೆ ಸಣ್ಣ ಸಣ್ಣ ತೂತುಗಳಿರುವ ಮೂಳೆಯ ಮೂಲಕ ಹಾದು, ಅದರ ಮೇಲೆಯೇ ಕುಳಿತಿರುವ ಮಿದುಳಿನ ಘ್ರಾಣಭಾಗವನ್ನು ಸೇರುತ್ತವೆ. ಕೋವಿಡ್ ವೈರಸ್ ಈ ನರಕೋಶಗಳಿಗಿಂತ ಹೆಚ್ಚಾಗಿ ಅವುಗಳಿಗೆ ಆಸರೆಯಾಗಿರುವ ಪಕ್ಕದ ಕೋಶಗಳನ್ನು ಹಿಡಿಯುತ್ತದೆ, ಏಕೆಂದರೆ ವೈರಸ್ ಒಳನುಗ್ಗಲು ಬೇಕಾದ ಎಸಿಇ-2 ಎಂಬ ಪ್ರೋಟೀನು ಆ ಆಸರೆ ಕೋಶಗಳ ಮೇಲಿದೆ. ಬಹಳಷ್ಟು ಜನರಿಗೆ ಮೂಗು ಕಟ್ಟದೆಯೇ ವಾಸನೆ ಹೋಗಿ, ಕೆಲವೇ ವಾರಗಳಲ್ಲಿ ಮರಳಿದ್ದಕ್ಕೆ ಇದು ಒಂದು ವಿವರಣೆ. 2020ರ ಜೂನ್ ತಿಂಗಳಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ವಾಸನೆ ಮತ್ತು ರುಚಿ ಹೋಗುವುದನ್ನು ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಆದರೆ ಇದು ಕೋವಿಡ್ಡಿಗೆ ಮಾತ್ರ ಸೀಮಿತವಲ್ಲ. ಸಾಮಾನ್ಯ ಶೀತಜ್ವರದ ವೈರಸ್‌ಗಳಿಂದಲೂ ಹೀಗಾಗುವುದನ್ನು ಅದಕ್ಕೂ ಬಹಳ ಮೊದಲಿನಿಂದ ನಾವು ನೋಡುತ್ತಿದ್ದೇವೆ.

ಹಾನಿ ಆಳವಾಗಿದ್ದರೆ ನರಕೋಶಗಳೂ ಸಾಯುತ್ತವೆ. ದೇಹದ ಬೇರೆ ನರಗಳಿಗೆ ಅಷ್ಟಾಗಿ ಇಲ್ಲದ ಒಂದು ಶಕ್ತಿ ಇವಕ್ಕಿದೆ: ತಳದಲ್ಲಿರುವ ಮೂಲಕೋಶಗಳಿಂದ ಹೊಸ ನರಕೋಶಗಳು ಜೀವನದುದ್ದಕ್ಕೂ ಹುಟ್ಟುತ್ತವೆ. ಹೊಸ ಎಳೆಗಳು ಬೆಳೆದು ಮಿದುಳನ್ನು ತಲುಪುವ ಕಾಲದಲ್ಲಿ ಕೆಲವು ಇನ್ನೂ ತಲುಪಿರುವುದಿಲ್ಲ, ಕೆಲವು ಸರಿಯಾದ ಜಾಗಕ್ಕೆ ಕೂಡಿಕೊಂಡಿರುವುದಿಲ್ಲ. ಹಾಗಾಗಿ ಮಿದುಳಿಗೆ ಅರೆಬರೆ ಸಂಕೇತ ಸಿಕ್ಕಿ ವಾಸನೆ ವಿಕಾರವಾಗಿ ತೋರುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪಿರುವ ವಿವರಣೆ. ಈ ಹಂತವು ಪೂರ್ತಿ ವಾಸನೆ ಹೋಗಿರುವುದಕ್ಕಿಂತ ಎಷ್ಟೋ ಹೆಚ್ಚು ಹಿಂಸೆ ಕೊಡುತ್ತದೆ. ಆದರೂ ನರಗಳು ಮತ್ತೆ ಬೆಳೆಯುತ್ತಿವೆ ಎಂಬುದಕ್ಕೆ ಅದು ಸೂಚನೆಯೂ ಹೌದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಮೀರಿ, ಇದು ಇರುತ್ತದೆ.

ಒಮ್ಮೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಮೂಗಿನ ಎಂಡೋಸ್ಕೋಪಿ ಮಾಡಿಸಿಕೊಳ್ಳಿ. ವೈರಸ್ ಎಂದು ನಾವೇ ತೀರ್ಮಾನಿಸಿ ಕುಳಿತಾಗ, ಒಳಗೆ ಪಾಲಿಪ್ (ಮೂಗಿನ ಒಳಪದರದಲ್ಲಿ ಬೆಳೆಯುವ ಮೃದುವಾದ ಗಂಟು) ಅಥವಾ ಕೀವು ಇದ್ದು ಗಮನಕ್ಕೆ ಬಾರದೆ ಹೋಗಬಾರದು.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಧಾರವಾಡ

ಡಾಕ್ಟರು ಬರೆದದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಎಲ್ಲ ಬಿಟ್ಟು ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆಗಳೇ ಏಕೆ ಕೆಡುತ್ತವೆ ಎಂಬುದು ಬಹಳ ಜನ ಕೇಳುವ ಪ್ರಶ್ನೆ. ಇದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರವಿದೆ.

ಮನುಷ್ಯನಲ್ಲಿ ಸುಮಾರು 400 ಬಗೆಯ ಘ್ರಾಣಗ್ರಾಹಕಗಳು, ಅಂದರೆ ವಾಸನೆಯ ಕಣಗಳನ್ನು ಹಿಡಿಯುವ ಪ್ರೋಟೀನುಗಳು, ಕೆಲಸ ಮಾಡುತ್ತವೆ. ಇವುಗಳ ಜೀನ್ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪ್ರಕಟಿಸಿದರು. 2004ರಲ್ಲಿ ಅವರಿಬ್ಬರಿಗೂ ಅದಕ್ಕಾಗಿ ನೊಬೆಲ್ ಬಂತು. ಒಂದೊಂದು ನರಕೋಶದಲ್ಲಿ ಒಂದೇ ಬಗೆಯ ಗ್ರಾಹಕವಿರುತ್ತದೆ, ಆದರೆ ಒಂದು ವಾಸನೆ ಹಲವು ಗ್ರಾಹಕಗಳನ್ನು ಒಟ್ಟಿಗೆ ಕೆಣಕುತ್ತದೆ. ಯಾವ ಯಾವ ಗ್ರಾಹಕಗಳು ಎಷ್ಟೆಷ್ಟು ಕೆರಳಿದವು ಎಂಬ ಒಟ್ಟು ಲೆಕ್ಕದಿಂದ ಮಿದುಳು ಇದು ಮಲ್ಲಿಗೆ, ಇದು ಇಂಗು ಎಂದು ಗುರುತಿಸುತ್ತದೆ. ಆ ಲೆಕ್ಕದಲ್ಲಿ ಅರ್ಧ ಕಾಣೆಯಾದರೆ ಗುರುತೇ ತಪ್ಪುತ್ತದೆ.

ಇನ್ನು ಕಾಫಿಯ ವಿಷಯ. ಹುರಿದ ಕಾಫಿಯಿಂದ ನೂರಾರು ಆವಿಶೀಲ ಸಂಯುಕ್ತಗಳು ಹೊರಡುತ್ತವೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಜೇನ್ ಪಾರ್ಕರ್ ಮತ್ತು ಅವರ ಸಂಗಡಿಗರು ಈ ಸಂಯುಕ್ತಗಳನ್ನು ಯಂತ್ರದಿಂದ ಒಂದೊಂದಾಗಿ ಬೇರ್ಪಡಿಸಿ, ಪರೋಸ್ಮಿಯಾ ಇರುವವರ ಮೂಗಿಗೆ ಒಂದಾದ ಮೇಲೊಂದು ಬರುವಂತೆ ಮಾಡಿ ಪರೀಕ್ಷಿಸಿದರು. 2022ರಲ್ಲಿ ಅದು ಪ್ರಕಟವಾಯಿತು. ಅಷ್ಟು ಸಂಯುಕ್ತಗಳಲ್ಲಿ ಅಸಹ್ಯ ಹುಟ್ಟಿಸಿದವು ಕೆಲವೇ ಕೆಲವು. ಅವುಗಳಲ್ಲಿ ಮುಖ್ಯವಾದದ್ದು 2-ಫ್ಯೂರಾನ್‌ಮೀಥೇನ್‌ಥಯೋಲ್ ಎಂಬ ಗಂಧಕಯುಕ್ತ ಸಂಯುಕ್ತ. ನಮ್ಮಂಥವರಿಗೆ ಹುರಿದ ಕಾಫಿಯ ಹಿತವಾದ ಘಮವಾಗಿ ತೋರುವುದೂ ಅದೇ. ಬಹಳ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗು ಹಿಡಿಯಬಲ್ಲ ಸಂಯುಕ್ತಗಳು ಇವು, ಆದ್ದರಿಂದ ಅಳಿದುಳಿದ ನರಗಳಿಗೆ ಮೊದಲು ಸಿಗುವುದೂ ಇವೇ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆಗಳಲ್ಲಿಯೂ ಗಂಧಕದ ಸಂಯುಕ್ತಗಳಿವೆ. ಹುರಿಯುವಾಗ, ಬಾಡಿಸುವಾಗ, ಕರಿಯುವಾಗ ಇನ್ನಷ್ಟು ಹೊಸ ಸಂಯುಕ್ತಗಳು ಹುಟ್ಟುತ್ತವೆ.

ಈ ಮಾತನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಇಂಥ ತೊಂದರೆಯವರಿಗೆ ಮನೆಯಲ್ಲಿ "ಎಲ್ಲ ನಿನ್ನ ಮನಸ್ಸಿನದ್ದು" ಎಂಬ ಮಾತು ಕೇಳಿಬರುತ್ತದೆ. ಮನಸ್ಸಿನದ್ದೇ ಆಗಿದ್ದರೆ, ಒಬ್ಬರನ್ನೊಬ್ಬರು ನೋಡಿಯೇ ಇರದ ಇಷ್ಟು ಜನ ಅವೇ ಬೆರಳೆಣಿಕೆಯ ಸಂಯುಕ್ತಗಳಿಗೆ ಒಂದೇ ರೀತಿ ಮುಖ ಸಿಂಡರಿಸುತ್ತಿರಲಿಲ್ಲ.

ಹುಬ್ಬಳ್ಳಿಯಿಂದ

ನನ್ನ ಅನುಭವ ಬೇರೆ ರೀತಿಯದು. ನನಗೆ ವಾಸನೆ ಕೆಡುವುದಿಲ್ಲ, ಬರುತ್ತದೆ, ಹೋಗುತ್ತದೆ. ವರ್ಷಗಳಿಂದ ಮೂಗು ಕಟ್ಟಿಕೊಂಡೇ ಇದೆ. ಉಬ್ಬಸಕ್ಕೆಂದು ಒಮ್ಮೆ ವೈದ್ಯರು ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನುಂಗುತ್ತಿದ್ದಷ್ಟು ದಿನ ಅಂಗಳದ ಮಣ್ಣಿನ ವಾಸನೆಯಿಂದ ಹಿಡಿದು ಎಲ್ಲವೂ ಸ್ಪಷ್ಟವಾಗಿ ಬಂತು, ನಿಲ್ಲಿಸಿದ ಮೇಲೆ ಮತ್ತೆ ಮಾಯವಾಯಿತು. ತಲೆನೋವಿಗೆ ಆಸ್ಪಿರಿನ್ ನುಂಗಿದರೆ ಉಬ್ಬಸ ಕೆರಳುತ್ತದೆ. ಇವುಗಳಿಗೆ ಒಂದಕ್ಕೊಂದು ಸಂಬಂಧವಿದೆಯೇ ಡಾಕ್ಟರೇ?

ಕಿವಿ-ಮೂಗು-ಗಂಟಲು ವೈದ್ಯ, ದಾವಣಗೆರೆ

ಸಂಬಂಧ ಖಂಡಿತ ಇದೆ ಸರ್. ಮೂಗಿನಲ್ಲಿ ಪಾಲಿಪ್, ಉಬ್ಬಸ, ಆಸ್ಪಿರಿನ್ನಿಗೆ ಒಗ್ಗದಿರುವುದು, ಈ ಮೂರು ಒಟ್ಟಿಗೆ ಬರುವ ಒಂದು ಕಾಯಿಲೆಯೇ ಇದೆ. ನಿಮಗೆ ಅದೇ ಇರಬಹುದೇ ಎಂದು ನೋಡಲೇಬೇಕು. ಅಲ್ಲಿಯವರೆಗೆ ಆಸ್ಪಿರಿನ್ ಮಾತ್ರವಲ್ಲ, ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಕೆಲವರಿಗೆ ಜೀವಕ್ಕೆ ಅಪಾಯವಾಗುವಷ್ಟು ಉಬ್ಬಸ ಬರುತ್ತದೆ.

ವಾಸನೆ ಬಂದು ಹೋಗುತ್ತಿದ್ದರೆ, ಅದರಲ್ಲಿಯೂ ಸ್ಟೀರಾಯ್ಡಿಗೆ ಮರಳಿದರೆ, ನರ ಬದುಕಿದೆ, ಗಾಳಿ ಅಲ್ಲಿಗೆ ತಲುಪುತ್ತಿಲ್ಲ ಅಥವಾ ಆ ಪದರ ಊದಿಕೊಂಡಿದೆ ಎಂದು ತಿಳಿಯಬಹುದು. ದೀರ್ಘಕಾಲದ ಸೈನಸೈಟಿಸ್ (ಮೂಗಿನ ಸುತ್ತಲಿನ ಮೂಳೆಯ ಪೊಳ್ಳುಗಳ ಉರಿಯೂತ), ಪಾಲಿಪ್, ಅಲರ್ಜಿಯ ನೆಗಡಿ, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ವಾಸನೆಯ ತೊಂದರೆಗಳಲ್ಲಿ ಚಿಕಿತ್ಸೆಗೆ ಅತಿ ಚೆನ್ನಾಗಿ ಸ್ಪಂದಿಸುವ ಗುಂಪು ಇದೇ. ಹಾಗೆಂದು ಸ್ಟೀರಾಯ್ಡ್ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ತಂದು ನುಂಗಬೇಡಿ. ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಣ್ಣಿನ ತೊಂದರೆ, ಎಲ್ಲವೂ ಅದರ ಹಿಂದೆ ಬರುತ್ತವೆ. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಬಹಳ ಸುರಕ್ಷಿತ, ಅದನ್ನು ದೀರ್ಘಕಾಲ ಬಳಸಬಹುದು. ಸಾಲದಿದ್ದರೆ ಶಸ್ತ್ರಚಿಕಿತ್ಸೆ ಇದೆ.

ರಾಜಾಜಿನಗರ, ಬೆಂಗಳೂರು

ನನ್ನ ತಮ್ಮನ ವಿಷಯ ಕೇಳಬೇಕಾಗಿದೆ. ವಯಸ್ಸು ಮೂವತ್ತರ ಆಸುಪಾಸು. ಆಗಾಗ ಇದ್ದಕ್ಕಿದ್ದಂತೆ ವಯರ್ ಸುಟ್ಟ ವಾಸನೆ ಬರುತ್ತಿದೆ ಎಂದು ಹೇಳುತ್ತಾನೆ. ಮೊದಮೊದಲು ಸ್ವಿಚ್‌ಬೋರ್ಡು, ಫ್ರಿಜ್ಜು ಎಲ್ಲ ತಡಕಿ ನೋಡಿದೆವು, ಎಲೆಕ್ಟ್ರಿಷಿಯನ್ನನ್ನೂ ಕರೆಸಿದೆವು. ಏನೂ ಇಲ್ಲ. ಅರ್ಧ ನಿಮಿಷ, ಒಂದು ನಿಮಿಷ ಇದ್ದು ಹೋಗುತ್ತದೆ. ಹೊಟ್ಟೆಯಲ್ಲಿ ಏನೋ ಮೇಲೇರಿ ಬಂದಂತಾಗುತ್ತದೆ ಎನ್ನುತ್ತಾನೆ. ಈಚೆಗೆ ಒಂದು ಸಲ ಅಮ್ಮ ಗಮನಿಸಿದ್ದೇನೆಂದರೆ, ವಾಸನೆ ಎಂದು ಹೇಳಿದ ಮೇಲೆ ಒಂದೇ ಕಡೆ ದಿಟ್ಟಿಸಿ ನೋಡುತ್ತಾ, ಏನೋ ಅಗಿಯುವವನಂತೆ ತುಟಿ ಆಡಿಸುತ್ತಿದ್ದ. ಕರೆದರೆ ಉತ್ತರ ಕೊಡಲಿಲ್ಲ. ಆಮೇಲೆ ಕೇಳಿದರೆ ನೆನಪಿಲ್ಲ ಎಂದ. ಇದಕ್ಕೂ ಮೂಗಿನ ವೈದ್ಯರನ್ನೇ ನೋಡಬೇಕೇ?

ನರರೋಗ ತಜ್ಞೆ, ಮಣಿಪಾಲ

ಈ ವೇದಿಕೆಯಲ್ಲಿ ನಾನು ಸಾಮಾನ್ಯವಾಗಿ ಓದುವುದಷ್ಟೇ, ಆದರೆ ಇದಕ್ಕೆ ಉತ್ತರಿಸದೆ ಇರಲಾರೆ. ದಯವಿಟ್ಟು ತಡಮಾಡದೆ ನರರೋಗ ತಜ್ಞರನ್ನು ಕಾಣಿರಿ. ಬೆಂಗಳೂರಿನಲ್ಲಿಯೇ ಇದ್ದೀರಿ, ನಿಮ್ಹಾನ್ಸ್ ಹತ್ತಿರದಲ್ಲಿದೆ.

ಇಲ್ಲದ ವಾಸನೆಯೊಂದು ಹಠಾತ್ತಾಗಿ ಬಂದು, ಪ್ರತಿ ಸಲವೂ ಅದೇ ರೂಪದಲ್ಲಿ, ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ಮುಗಿದುಹೋಗುತ್ತಿದ್ದರೆ, ಅದರ ಜೊತೆಗೆ ಹೊಟ್ಟೆಯಿಂದ ಏನೋ ಏರಿ ಬರುವ ಅನುಭವ, ದಿಟ್ಟಿಸುವುದು, ತುಟಿ ಚಪ್ಪರಿಸುವುದು, ನೆನಪು ತಪ್ಪುವುದು ಇದ್ದರೆ, ಅದು ಮಿದುಳಿನ ಕಪೋಲ ಭಾಗದಿಂದ (ಕಿವಿಯ ಪಕ್ಕದಲ್ಲಿರುವ ಟೆಂಪೊರಲ್ ಲೋಬ್) ಹುಟ್ಟುವ ಮೂರ್ಛೆರೋಗದ ಲಕ್ಷಣವಾಗಿರುವ ಸಾಧ್ಯತೆ ಬಲವಾಗಿದೆ. ಮೂರ್ಛೆರೋಗವೆಂದರೆ ಕೈಕಾಲು ಸೆಟೆದು ನೊರೆ ಬರುವುದು ಎಂದಷ್ಟೇ ನಮ್ಮ ಜನ ತಿಳಿದಿರುವುದರಿಂದ, ಈ ಮೌನವಾದ ಬಗೆ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಲಂಡನ್ನಿನ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಇಂಥವರು ಹೇಳುವ ವಾಸನೆ ಹೆಚ್ಚಾಗಿ ಸುಟ್ಟದ್ದೋ ಕೊಳೆತದ್ದೋ ಆಗಿರುತ್ತದೆ.

ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಮತ್ತು ಎಂಆರ್‌ಐ ಮಾಡಬೇಕಾಗುತ್ತದೆ. ಆ ಭಾಗದಲ್ಲಿ ಹಳೆಯ ಗಾಯದ ಕಲೆ, ಗಂಟು, ಗೆಡ್ಡೆ ಇದೆಯೇ ಎಂದು ನೋಡುವುದು ಎಂಆರ್‌ಐನ ಉದ್ದೇಶ. ಹೆಚ್ಚಿನವರಿಗೆ ಮಾತ್ರೆಗಳಿಂದಲೇ ಹಿಡಿತಕ್ಕೆ ಬರುತ್ತದೆ, ಆದ್ದರಿಂದ ಹೆದರುವುದು ಬೇಡ. ಆದರೆ ವೈದ್ಯರು ನೋಡಿ ಹೇಳುವವರೆಗೆ ನಿಮ್ಮ ತಮ್ಮ ಬೈಕು ಓಡಿಸುವುದು, ಒಬ್ಬನೇ ಈಜುವುದು, ಎತ್ತರಕ್ಕೆ ಹತ್ತುವುದು ಬೇಡ. ಇನ್ನೊಮ್ಮೆ ಹಾಗಾದಾಗ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ, ತಜ್ಞರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಸಿಗದು.

ಓದುವ ಉಳಿದವರು ಗಾಬರಿಯಾಗದಿರಲಿ ಎಂದು ಇನ್ನೊಂದು ಮಾತು. ಇಲ್ಲದ ವಾಸನೆ ಬರುವವರೆಲ್ಲರಿಗೂ ಮೂರ್ಛೆರೋಗ ಇರುವುದಿಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಒಂದೇ ಸಮನೆ ಇರುವ ಹೊಗೆಯ ವಾಸನೆ ಹೆಚ್ಚಾಗಿ ಮೂಗಿನ ನರಗಳ ಮಟ್ಟದ್ದು, ವೈರಸ್ ಸೋಂಕಿನ ನಂತರದ್ದು. ಮೂಗಿನ ಒಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿದಾಗ ವಾಸನೆ ನಿಂತರೆ, ಮೂಲ ಮೂಗಿನಲ್ಲಿಯೇ ಇದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಮೈಗ್ರೇನ್ ಇರುವ ಕೆಲವರಿಗೆ ತಲೆನೋವಿಗೆ ಮೊದಲು ಹೀಗಾಗುತ್ತದೆ. ತಲೆನೋವಿನ ಹೊತ್ತಿನಲ್ಲಿ ಅಗರಬತ್ತಿ, ಸೆಂಟು ಸಹಿಸಲಾಗದಿರುವುದು ಇನ್ನೂ ಸಾಮಾನ್ಯ. ಮೇಲ್ದವಡೆಯ ಹುಳುಕು ಹಲ್ಲಿನಿಂದ ಸೈನಸ್ಸಿಗೆ ಕೀವು ಹತ್ತಿದಾಗ ಬರುವ ನಾತ ಭ್ರಮೆಯಲ್ಲ, ನಿಜವಾದದ್ದೇ. ಅದಕ್ಕೆ ದಂತವೈದ್ಯರೇ ಬೇಕು.

ಮಕ್ಕಳ ವಾರ್ಡಿನ ಶುಶ್ರೂಷಕಿ, ಕಲಬುರಗಿ

ಕೀವಿನ ಮಾತು ಬಂದದ್ದರಿಂದ ಇದನ್ನೂ ಸೇರಿಸಿ. ಚಿಕ್ಕ ಮಕ್ಕಳಿಗೆ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ, ಹುಣಸೆಬೀಜ, ಶೇಂಗಾ, ಬಳಪದ ಚೂರು, ಸ್ಪಂಜು ಏನಾದರೂ ಒಳಗಿದೆಯೇ ಎಂದು ಮೊದಲು ನೋಡಿಸಬೇಕು. ಮನೆಯಲ್ಲಿ ಹೇರ್‌ಪಿನ್ನು ಹಾಕಿ ತೆಗೆಯಲು ಹೋದರೆ ಅದು ಇನ್ನೂ ಒಳಗೆ ಸರಿಯುತ್ತದೆ. ಆಟಿಕೆಯ ಬಟನ್ ಬ್ಯಾಟರಿಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮ ಸುಡುತ್ತದೆ, ಅದು ತುರ್ತು ಸ್ಥಿತಿ.

ಅಡುಗೆ ಕೆಲಸದವನು, ಕುಂದಾಪುರ

ನಾನು ಸಮಾರಂಭಗಳಿಗೆ ಅಡುಗೆ ಮಾಡುವವನು. ಬೈಕಿನಿಂದ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ಹೊಲಿಗೆ ಹಾಕಿದರು, ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲವೆಂದು ಮನೆಗೆ ಕಳುಹಿಸಿದರು. ಕೆಲಸಕ್ಕೆ ಮರಳಿದ ಮೊದಲ ದಿನವೇ ಗೊತ್ತಾಯಿತು, ಸಾಂಬಾರಿನ ಕೊಪ್ಪರಿಗೆಯ ಮುಂದೆ ನಿಂತರೂ ಏನೂ ಬರುತ್ತಿಲ್ಲ. ನಾಲಿಗೆಗೆ ಹಾಕಿಕೊಂಡರೆ ಉಪ್ಪು ತಿಳಿಯುತ್ತದೆ, ಹುಣಸೆಯ ಹುಳಿ ತಿಳಿಯುತ್ತದೆ, ಬೆಲ್ಲ ತಿಳಿಯುತ್ತದೆ, ಮೆಣಸಿನ ಖಾರ ಚುರುಕೆನ್ನುತ್ತದೆ. ಆದರೆ ಕೊತ್ತಂಬರಿ ಹುರಿದದ್ದು ಹದವಾಗಿದೆಯೇ, ಇಂಗು ಹೆಚ್ಚಾಯಿತೇ, ತೆಂಗಿನೆಣ್ಣೆ ಹಳತೇ ಹೊಸತೇ, ಯಾವುದೂ ತಿಳಿಯುವುದಿಲ್ಲ. ರಸಂಗೂ ಹುಳಿಗೂ ವ್ಯತ್ಯಾಸ ಗಟ್ಟಿ-ತೆಳುವಿನಲ್ಲಿ ಮಾತ್ರ ಉಳಿದಿದೆ. ಈಗ ಅಣ್ಣನ ಮಗ ರುಚಿ ನೋಡಿ ಹೇಳುತ್ತಾನೆ, ನಾನು ಕೈ ಅಳತೆಯ ಮೇಲೆ ಮಾಡುತ್ತೇನೆ. ತಲೆಯ ಹಿಂದೆ ಪೆಟ್ಟು ಬಿದ್ದರೆ ಮುಂದಿರುವ ಮೂಗಿಗೆ ಏಕೆ ಹೀಗಾಗಬೇಕು?

ಕಿವಿ-ಮೂಗು-ಗಂಟಲು ವೈದ್ಯ, ದಾವಣಗೆರೆ

ಹಿಂದಿನ ಪೆಟ್ಟಿನಿಂದಲೇ ಹೀಗಾಗುವುದು ಹೆಚ್ಚು. ಪೆಟ್ಟಿನ ರಭಸಕ್ಕೆ ಮಿದುಳು ತಲೆಬುರುಡೆಯೊಳಗೆ ಮುಂದಕ್ಕೂ ಹಿಂದಕ್ಕೂ ಜಗ್ಗುತ್ತದೆ. ಮೂಳೆಯ ತೂತುಗಳಲ್ಲಿ ಹಾದುಬರುವ ಆ ನವಿರಾದ ಘ್ರಾಣದ ಎಳೆಗಳು ಆಗ ಕತ್ತರಿಸಿಹೋಗುತ್ತವೆ. ರಕ್ತಸ್ರಾವ ಹುಡುಕಲು ಮಾಡುವ ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ, ಅಪಘಾತದ ಗಲಾಟೆಯಲ್ಲಿ ಯಾರೂ ಕೇಳುವುದೂ ಇಲ್ಲ; ರೋಗಿಗೆ ತಿಳಿಯುವುದು ಮನೆಗೆ ಹೋಗಿ ಊಟಕ್ಕೆ ಕುಳಿತಾಗ. ಕೆಲವರಿಗೆ ಮೊದಲ ವರ್ಷದಲ್ಲಿ ಒಂದಿಷ್ಟು ಮರಳುತ್ತದೆ. ವೈರಸ್ಸಿನ ನಂತರದ ಚೇತರಿಕೆಗಿಂತ ಇಲ್ಲಿ ಅವಕಾಶ ಕಡಿಮೆ ಎಂಬ ನಿಜವನ್ನು ನಿಮ್ಮಿಂದ ಮುಚ್ಚಿಡಲಾರೆ. ನಿಮ್ಮದು ಮೂಗಿನಿಂದಲೇ ಜೀವನ ನಡೆಸುವ ವೃತ್ತಿ, ಆದ್ದರಿಂದ ಅಪಘಾತ ವಿಮೆಯ ದಾಖಲೆಗಳಲ್ಲಿ ಈ ನಷ್ಟವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಬಗ್ಗಿದಾಗ ಒಂದು ಹೊಳ್ಳೆಯಿಂದ ನೀರಿನಷ್ಟು ತಿಳಿಯಾದ ದ್ರವ ತೊಟ್ಟಿಕ್ಕುತ್ತಿದ್ದರೆ ಮಾತ್ರ ಅದನ್ನು ನೆಗಡಿ ಎಂದು ಬಿಡಬೇಡಿ. ಅದು ಮಿದುಳಿನ ಸುತ್ತಲಿನ ದ್ರವವೇ ಸೋರುತ್ತಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ (ಅಣಬೆ, ಮಾಂಸದ ಸಾರಿನಲ್ಲಿರುವಂಥ ರುಚಿ) ಮಾತ್ರ. ಖಾರ ರುಚಿಯಲ್ಲ, ಉರಿಯ ಅನುಭವ, ಅದನ್ನು ಒಯ್ಯುವುದು ಮುಖದ ಬೇರೊಂದು ನರ. ಉಳಿದೆಲ್ಲವೂ ಅಗಿಯುವಾಗ ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನೀವು ಬರೆದದ್ದಕ್ಕಿಂತ ಚೆನ್ನಾಗಿ ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡಲಾರೆ.

ಕುವೆಂಪುನಗರ, ಮೈಸೂರು

ನನ್ನ ತಂದೆಗೆ ಎಪ್ಪತ್ತು ದಾಟಿದೆ. ಐದಾರು ವರ್ಷಗಳಿಂದ ವಾಸನೆ ಮಂದವಾಗಿದೆ. ಮೊದಲಿನಿಂದ ನಶ್ಯ ಹಾಕುವ ಅಭ್ಯಾಸವೂ ಇರುವುದರಿಂದ ಅದರದ್ದೇ ಪರಿಣಾಮವೆಂದು ಎಲ್ಲರೂ ಸುಮ್ಮನಿದ್ದೇವೆ. ಎಲ್ಲೋ ಓದಿದೆ, ಪಾರ್ಕಿನ್‌ಸನ್ ಕಾಯಿಲೆಗೆ ಇದು ಮುನ್ಸೂಚನೆ ಎಂದು. ಅಂದಿನಿಂದ ನಿದ್ದೆಯಿಲ್ಲ. ಪರೀಕ್ಷೆ ಮಾಡಿಸಬೇಕೇ?

ನರರೋಗ ತಜ್ಞೆ, ಮಣಿಪಾಲ

ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಪಾರ್ಕಿನ್‌ಸನ್ ಇರುವವರಲ್ಲಿ ಬಹುಪಾಲು ಜನರಿಗೆ ವಾಸನೆ ಕುಂದಿರುತ್ತದೆ, ಎಷ್ಟೋ ಸಲ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ. ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ, ಈ ಕಾಯಿಲೆಯ ಮೊದಲ ಕುರುಹುಗಳು ಮಿದುಳಿನ ಘ್ರಾಣಭಾಗದಲ್ಲಿಯೂ ಕರುಳಿಗೆ ಹೋಗುವ ನರದ ಮೂಲದಲ್ಲಿಯೂ ಕಾಣುತ್ತವೆ ಎಂದು ವಿವರಿಸಿದರು. ಆದರೆ ಈ ವಾದವನ್ನು ತಿರುಗಿಸಿ ಓದಬಾರದು. ವಾಸನೆ ಕುಂದಿದ ವೃದ್ಧರಲ್ಲಿ ಹೆಚ್ಚಿನವರಿಗೆ ಪಾರ್ಕಿನ್‌ಸನ್ ಬರುವುದೇ ಇಲ್ಲ. ವಯಸ್ಸು ಏರಿದಂತೆ ಎಲ್ಲರ ಘ್ರಾಣಶಕ್ತಿಯೂ ಇಳಿಯುತ್ತದೆ, ನಶ್ಯ ಮತ್ತು ಹೊಗೆಸೊಪ್ಪು ಮೂಗಿನ ಒಳಪದರವನ್ನು ಕೆಡಿಸುತ್ತವೆ.

ನೀವು ಗಮನಿಸಬೇಕಾದದ್ದು ಇತರ ಸಂಗತಿಗಳನ್ನು: ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಕೈಕಾಲು ಬೀಸುವುದು, ಹೊಸದಾಗಿ ಶುರುವಾಗಿ ಬಿಡದ ಮಲಬದ್ಧತೆ, ನಡೆಯುವಾಗ ಒಂದು ತೋಳು ಬೀಸದಿರುವುದು, ಅಕ್ಷರ ಸಣ್ಣದಾಗುತ್ತಾ ಹೋಗುವುದು. ಇವು ಜೊತೆಗಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಮರೆವು ಹೆಚ್ಚುತ್ತಿದ್ದರೂ ತೋರಿಸಿ, ಏಕೆಂದರೆ ಆಲ್‌ಝೈಮರ್ ಕಾಯಿಲೆಯಲ್ಲಿಯೂ ವಾಸನೆ ಗುರುತಿಸುವ ಶಕ್ತಿ ಬೇಗ ಕುಂದುತ್ತದೆ. ಇವು ಯಾವುವೂ ಇಲ್ಲದಿದ್ದರೆ ಬರೀ ವಾಸನೆಯ ಆಧಾರದ ಮೇಲೆ ಸ್ಕ್ಯಾನುಗಳ ಹಿಂದೆ ಓಡುವ ಅಗತ್ಯವಿಲ್ಲ. ಒಂದೇ ಹೊಳ್ಳೆಯಲ್ಲಿ ವಾಸನೆ ಹೋಗುತ್ತಾ ಬಂದು, ದೃಷ್ಟಿ ಮಂಜಾಗುತ್ತಿದ್ದರೆ, ಸ್ವಭಾವವೇ ಬದಲಾಗುತ್ತಿದ್ದರೆ ಮಾತು ಬೇರೆ. ಘ್ರಾಣನರದ ಹತ್ತಿರ ನಿಧಾನವಾಗಿ ಬೆಳೆಯುವ ಮೆನಿಂಜಿಯೋಮ ಎಂಬ ಗೆಡ್ಡೆಗೆ ಆಗ ಎಂಆರ್‌ಐ ಬೇಕೇ ಬೇಕು.

ಔಷಧ ವ್ಯಾಪಾರಿ, ಶಿವಮೊಗ್ಗ

ನಾವೇ ಹಾಕಿಕೊಳ್ಳುವ ಔಷಧಗಳಿಂದಲೂ ತೊಂದರೆಯಾಗುವುದನ್ನು ಯಾರೂ ಹೇಳಲಿಲ್ಲ. ಮೂಗು ಕಟ್ಟಿದಾಗ ಹಾಕುವ ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳನ್ನು ವಾರಕ್ಕೂ ಮೀರಿ ಹಾಕಿದರೆ, ಹನಿಯಿಂದಲೇ ಮೂಗು ಮತ್ತಷ್ಟು ಕಟ್ಟುತ್ತದೆ. ಬಿಡಲಾಗದೆ ವರ್ಷಗಟ್ಟಲೆ ಕೊಳ್ಳುವವರು ನಮ್ಮ ಅಂಗಡಿಗೆ ಬರುತ್ತಾರೆ. ಸತುವನ್ನು ಮೂಗಿಗೆ ಹಾಕುವುದಂತೂ ಇನ್ನೂ ಕೆಟ್ಟದ್ದು. 1937ರಲ್ಲಿ ಟೊರಾಂಟೊ ನಗರದಲ್ಲಿ ಪೋಲಿಯೊ ತಡೆಯಲೆಂದು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟನ್ನು ಸಿಂಪಡಿಸಿದ್ದರು. ಪೋಲಿಯೊ ನಿಲ್ಲಲಿಲ್ಲ, ಕೆಲವು ಮಕ್ಕಳ ವಾಸನೆ ಹೋಯಿತು. ಹಾಗಿದ್ದೂ ಅಮೆರಿಕದಲ್ಲಿ ನೆಗಡಿಗೆಂದು ಸತುವಿನ ಜೆಲ್ ಮತ್ತೆ ಮಾರಾಟಕ್ಕೆ ಬಂತು. 130ಕ್ಕೂ ಹೆಚ್ಚು ಜನ ವಾಸನೆ ಕಳೆದುಕೊಂಡ ದೂರು ಬಂದ ಮೇಲೆ 2009ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದನ್ನು ಬಳಸಬೇಡಿ ಎಂದು ಎಚ್ಚರಿಸಿತು.

ಜಲನೇತಿ ಮಾಡುವವರಿಗೂ ಒಂದು ಮಾತು. ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದೇ, ಆದರೆ ನೀರನ್ನು ಕುದಿಸಿ ಆರಿಸಿರಬೇಕು. ಬಾವಿಯ ನೀರನ್ನೋ ನಲ್ಲಿ ನೀರನ್ನೋ ಹಾಗೆಯೇ ಮೂಗಿಗೆ ಹಾಕಬೇಡಿ. ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾದ ಸೋಂಕು ಇತ್ತೀಚಿನ ವರ್ಷಗಳಲ್ಲಿ ಪಕ್ಕದ ಕೇರಳದಲ್ಲಿ ಜೀವಗಳನ್ನು ತೆಗೆದಿದೆ. ಮೇಲೆ ಡಾಕ್ಟರು ವಿವರಿಸಿದ ಘ್ರಾಣನರದ ದಾರಿಯಲ್ಲಿಯೇ ಅದು ಒಳಗೆ ಹೋಗುತ್ತದೆ.

ಕನ್ನಡಿಗ, ಡ್ರೆಸ್ಡೆನ್, ಜರ್ಮನಿ

ಮೂಡಿಗೆರೆಯ ಅಕ್ಕನಿಗೆ: ನನಗೂ ಕೋವಿಡ್ ನಂತರ ಇದೇ ಆಗಿತ್ತು. ನಾನಿರುವ ಈ ಊರಿನ ವೈದ್ಯ ತೋಮಸ್ ಹ್ಯುಮೆಲ್ ಅವರು 2009ರಲ್ಲಿ ಪ್ರಕಟಿಸಿದ ಘ್ರಾಣ ತರಬೇತಿಯನ್ನು ಇಲ್ಲಿನ ವೈದ್ಯರು ನನಗೂ ಹೇಳಿಕೊಟ್ಟರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ಪರಿಮಳಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಂದೊಂದನ್ನೂ ಹದಿನೈದಿಪ್ಪತ್ತು ಸೆಕೆಂಡು ಮೆಲ್ಲಗೆ ಮೂಸಬೇಕು. ಮೂಲ ಅಧ್ಯಯನ 12 ವಾರಗಳದ್ದು, ಈಗ ಅದಕ್ಕಿಂತ ಹೆಚ್ಚು ಕಾಲ ಮಾಡಿಸುತ್ತಾರೆ. ಮೂಸುವಾಗ ಬರೀ ಎಳೆದುಕೊಳ್ಳದೆ, ಆ ವಾಸನೆ ಮೊದಲು ಹೇಗಿತ್ತು ಎಂದು ಮನಸ್ಸಿಟ್ಟು ನೆನಪಿಸಿಕೊಳ್ಳಬೇಕು. ನೀಲಗಿರಿ ಎಣ್ಣೆಯ ತಂಪು ಮಾತ್ರ ತಿಳಿದು ಪರಿಮಳ ತಿಳಿಯದಿದ್ದರೆ ನಿರಾಶರಾಗಬೇಡಿ, ಆ ತಂಪು ಬೇರೆ ನರದ್ದು. ನನಗೆ ಮೊದಲು ಮರಳಿದ್ದು ಲವಂಗ. ಕಾಫಿ ಈಗಲೂ ಹಿಂದಿನಷ್ಟು ಚೆನ್ನಾಗಿಲ್ಲ, ಆದರೆ ಕುಡಿಯಬಲ್ಲೆ.

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಹಾಸನಕ್ಕೆ ಹೋಗಿ ಎಂಡೋಸ್ಕೋಪಿ ಮಾಡಿಸಿಕೊಂಡೆ. ಪಾಲಿಪ್ ಇಲ್ಲ, ಕೀವು ಇಲ್ಲ, ವೈರಸ್ಸಿನ ನಂತರದ್ದೇ ಎಂದರು. ಇಲ್ಲಿ ಹೇಳಿದ ತರಬೇತಿಯನ್ನೇ ಅವರೂ ಹೇಳಿದರು. ನಾನೇ ಕಂಡುಕೊಂಡದ್ದು ಒಂದಿದೆ: ಬಿಸಿ ಅಡುಗೆಗಿಂತ ಆರಿದ ಅಡುಗೆ ಸಹ್ಯ. ಮೊಸರನ್ನ, ಸೌತೆಕಾಯಿ ಕೋಸಂಬರಿ, ತಣ್ಣಗಾದ ಇಡ್ಲಿ, ಬಾಳೆಹಣ್ಣು ಇವುಗಳಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೇನೆ. ಈರುಳ್ಳಿ ಬಾಡಿಸುವ ಬದಲು ಹಸಿ ತೆಂಗಿನಕಾಯಿ, ಜೀರಿಗೆ ಅರೆದು ಹಾಕಿದರೆ ಅಡುಗೆಮನೆಯಲ್ಲಿ ನಿಲ್ಲಬಲ್ಲೆ.

ಒಂದು ಚಿಂತೆ ಉಳಿದಿದೆ. ಗ್ಯಾಸಿನ ವಾಸನೆಯೂ ನನಗೆ ಸರಿಯಾಗಿ ತಿಳಿಯುವುದಿಲ್ಲ. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಗ್ಯಾಸ್ ಸೋರಿದರೆ ಕೂಗುವ ಅಲಾರ್ಮ್ ತರಿಸಿದ್ದಾರೆ. ಅದನ್ನು ಎಲ್ಲಿ ಹಾಕಬೇಕು?

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಧಾರವಾಡ

ಸಿಲಿಂಡರಿನ ಅನಿಲಕ್ಕೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದ್ದು ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸುತ್ತಾರೆ. ಆದ್ದರಿಂದ ನಿಮಗೆ ಅಲಾರ್ಮ್ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಹಾಗಾಗಿ ಅಲಾರ್ಮನ್ನು ಗೋಡೆಯ ಮೇಲ್ಭಾಗಕ್ಕೆ ಹಾಕಿಸದೆ, ಸಿಲಿಂಡರ್ ಇರುವ ಕಡೆಯಲ್ಲಿಯೇ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ, ನೀರು ಸಿಡಿಯದ ಜಾಗದಲ್ಲಿ ಹಾಕಿಸಿ. ಬೆಂಗಳೂರಿನಂತಹ ಊರುಗಳಲ್ಲಿ ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲ ಬಳಸುವವರಿಗೆ ಇದು ತಿರುಗುಮುರುಗು. ಅದು ಗಾಳಿಗಿಂತ ಹಗುರ, ಅಲಾರ್ಮ್ ಛಾವಣಿಯ ಹತ್ತಿರ ಇರಬೇಕು. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರನ್ನು ಬಂದ್ ಮಾಡಿ. ಅಲಾರ್ಮ್ ಕೂಗಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ.